ಮನೆಯ ವೈಫೈ ಪಾಲಿಹೌಸ್‌ವರೆಗೆ: ಹೊಲದಲ್ಲಿ ಆಕ್ಸೆಸ್ ಪಾಯಿಂಟ್ ಕೂರಿಸುವುದು ಹೇಗೆ?

ಹನಿ ನೀರಾವರಿಗೆ ಆಟೋಮೇಶನ್ ಹಾಕಿಸಿಕೊಂಡವರು ಈಚೆಗೆ ಕೇಳುವ ಪ್ರಶ್ನೆಗಳಲ್ಲಿ ಅರ್ಧದಷ್ಟು ನೀರಿನ ಬಗ್ಗೆ ಇರೋದೇ ಇಲ್ಲ. "ಮನೇಲಿ ಫೈಬರ್ ಇಂಟರ್ನೆಟ್ ಇದೆ, ಪಾಲಿಹೌಸ್ 400 ಮೀಟರ್ ದೂರ, ಅಲ್ಲಿ ಕಂಟ್ರೋಲರ್ ಯಾವಾಗ ನೋಡಿದ್ರೂ ಆಫ್‌ಲೈನ್, ಏನ್ ಮಾಡ್ಲಿ?" ಇದೇ ಮಾತು. ಅಂಗಡಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, ಇನ್ನೂ ದೊಡ್ಡ ಆಂಟೆನಾದ ರೂಟರ್ ತಗೊಳ್ಳಿ ಅನ್ನೋದು. ಈ ಒಂದು ಸಲಹೆ ಮಾತ್ರ ಕೇಳಬೇಡಿ.

ವೈಫೈ ಎರಡೂ ಕಡೆಯಿಂದ ಮಾತಾಡುವ ವ್ಯವಹಾರ. ಜಾತ್ರೆಯ ಮೈಕ್ ನೆನಪಿಸಿಕೊಳ್ಳಿ. ವೇದಿಕೆಯ ಮಾತು ಊರಾಚೆ ಹೊಲಕ್ಕೂ ಕೇಳಿಸತ್ತೆ, ಆದರೆ ಹೊಲದಲ್ಲಿ ನಿಂತು ನೀವು ಕೂಗಿದ್ದು ವೇದಿಕೆಗೆ ಕೇಳಿಸಲ್ಲ. ದೊಡ್ಡ ರೂಟರ್ ಹಾಕಿದಾಗಲೂ ಇದೇ ಆಗೋದು. ಫೋನಿನಲ್ಲಿ ಎರಡು ಕಡ್ಡಿ ಸಿಗ್ನಲ್ ಕಾಣಿಸತ್ತೆ, ಆದರೆ ಕಂಟ್ರೋಲರ್ ಒಳಗಿನ ಪುಟ್ಟ ಚಿಪ್‌ನ ದನಿ ವಾಪಸ್ ಮನೆಗೆ ಮುಟ್ಟಲ್ಲ.

ಇದಕ್ಕೆ ದಾರಿ ನಮಗೆ ಗೊತ್ತಿರುವ ಪೈಪ್‌ಲೈನ್ ಲೆಕ್ಕವೇ. ಮನೆಯಿಂದ ಪಾಲಿಹೌಸ್‌ವರೆಗೆ ಒಂದು ಮೇನ್ ಲೈನ್: ಮುಖಾಮುಖಿ ನಿಂತ ಎರಡು ಹೊರಾಂಗಣ ವೈರ್‌ಲೆಸ್ ಸಾಧನಗಳು. ಆ ತುದಿಯಲ್ಲಿ ಲ್ಯಾಟರಲ್ ಇದ್ದ ಹಾಗೆ ಒಂದು ಸಣ್ಣ ಆಕ್ಸೆಸ್ ಪಾಯಿಂಟ್. ಕಂಟ್ರೋಲರ್, ಕ್ಯಾಮೆರಾ, ನಿಮ್ಮ ಫೋನ್ ಎಲ್ಲವೂ ಈ ಸಣ್ಣದರ ಜೊತೆ ಮಾತಾಡ್ತವೆ. ಅದು ಮೇನ್ ಲೈನ್ ಮೂಲಕ ಮನೆಗೆ ತಲುಪಿಸತ್ತೆ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಪಾಲಿಹೌಸ್ ಹತ್ತಿರವೇ 4ಜಿ ಸಿಗ್ನಲ್ ಗಟ್ಟಿಯಾಗಿದ್ದರೆ ಸಿಮ್ ಹಾಕುವ ರೂಟರ್ ಒಂದನ್ನು ಅಲ್ಲೇ ಇಡಿ, ಮೇನ್ ಲೈನ್ ಬೇಕಾಗಲ್ಲ. ಬರೀ ಮಣ್ಣಿನ ತೇವಾಂಶ ನೋಡುವ ನಾಲ್ಕು ಸೆನ್ಸರ್ ಇದ್ದರೆ 865 ಮೆಗಾಹರ್ಟ್ಸ್ ಸುತ್ತ ಕೆಲಸ ಮಾಡುವ ಲೋರಾ ಸಾಧನ ಸಾಕು, ಬ್ಯಾಟರಿಯೂ ಬಹಳ ಕಾಲ ಬರತ್ತೆ. ಆದರೆ ಕ್ಯಾಮೆರಾ ನೋಡಬೇಕು, ಫರ್ಟಿಗೇಶನ್ ಯೂನಿಟ್ ನಡೆಸಬೇಕು ಅಂದ್ರೆ ವೈಫೈ ಬೇಕು. ಮುಂದೆ ಹೇಳೋದೆಲ್ಲ ಅಂಥವರಿಗೆ.

"ಇಂಡಸ್ಟ್ರಿಯಲ್" ಯಾಕೆ, ಎಲ್ಲಿ?

ಮನೆಯ ರೂಟರ್‌ನ ಡಬ್ಬದ ಮೇಲೆ ಓದಿ ನೋಡಿ. ಹೆಚ್ಚಿನವು 0ರಿಂದ 40 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ. ಏಪ್ರಿಲ್ ಮಧ್ಯಾಹ್ನ ತಗಡಿನ ಶೀಟ್ ಹೊದೆಸಿದ ಮೋಟರ್ ರೂಮಿನ ಒಳಗೆ ಕೈ ಇಟ್ಟರೆ ಗೊತ್ತಾಗತ್ತೆ, ಅಲ್ಲಿ 40 ದಾಟೋದು ದೊಡ್ಡ ಮಾತಲ್ಲ. ರಾಯಚೂರು, ಕಲಬುರಗಿ ಕಡೆಯವರಿಗಂತೂ ಹೊರಗಡೆ ನೆರಳಲ್ಲೇ ಅಷ್ಟಿರತ್ತೆ. ಇಂಡಸ್ಟ್ರಿಯಲ್ ಸಾಧನಗಳಲ್ಲಿ ಸಾಮಾನ್ಯವಾಗಿ ಮೈನಸ್ 40ರಿಂದ 75 ಡಿಗ್ರಿವರೆಗೆ ಎಂದು ಬರೆದಿರತ್ತೆ. ಲೋಹದ ಮೈ, ಸ್ಕ್ರೂ ಹಾಕಿ ಬಿಗಿಯುವ ವೈರ್ ಕನೆಕ್ಟರ್, 12ರಿಂದ 48 ವೋಲ್ಟ್ ಡಿಸಿಯವರೆಗೆ ಯಾವುದು ಕೊಟ್ಟರೂ ನಡೆಯುವ ಗುಣ ಇವು ಅದರ ಲಕ್ಷಣ. ಬ್ಯಾಟರಿಯಿಂದ ನೇರ ನಡೆಸುವವರಿಗೆ ಈ ಕೊನೆಯದೇ ದೊಡ್ಡ ಲಾಭ.

ಆದರೆ ಇಂಡಸ್ಟ್ರಿಯಲ್ ಅಂದರೆ ಮಳೆಗೆ ನೆನೆಯಬಹುದು ಅಂತ ಅಲ್ಲ! ಫ್ಯಾಕ್ಟರಿ ಪ್ಯಾನಲ್‌ನೊಳಗೆ ಪಟ್ಟಿಗೆ ಸಿಕ್ಕಿಸುವ ಬಹಳಷ್ಟು ಸಾಧನಗಳ ರಕ್ಷಣೆ ಬರೀ ಐಪಿ 30. ಅಂದರೆ ನೀರಿನಿಂದ ಏನೂ ರಕ್ಷಣೆ ಇಲ್ಲ. ಕಂಬದ ಮೇಲೆ ತೆರೆದು ಇಡಬೇಕಾದರೆ ಐಪಿ 65 ಅಥವಾ 67 ನೋಡಿ ತಗೊಳ್ಳಿ. ಐಪಿ 30 ಸಾಧನವನ್ನು ಪೆಟ್ಟಿಗೆಯೊಳಗೆ ಇಡ್ತೀರಿ ಅಂದ್ರೆ ಪೆಟ್ಟಿಗೆ ಕಬ್ಬಿಣದ್ದಾಗಬಾರದು, ಸಿಗ್ನಲ್ ಒಳಗೇ ಸತ್ತುಹೋಗತ್ತೆ. ಫೈಬರ್ ಅಥವಾ ಪಾಲಿಕಾರ್ಬೊನೇಟ್ ಪೆಟ್ಟಿಗೆ ಇರಲಿ, ಇಲ್ಲವೇ ಆಂಟೆನಾ ಹೊರಗೆ ಬರಲಿ.

ದುಡ್ಡು ಎಲ್ಲಿ ಹಾಕಬೇಕು ಅಂದ್ರೆ ಹೊಲದ ತುದಿಯಲ್ಲಿ. ಮನೆ ಛಾವಣಿಯ ಮೇಲೆ ಸಾಮಾನ್ಯ ಹೊರಾಂಗಣ ಸಾಧನ ಸಾಕು, ಕೆಟ್ಟರೆ ಏಣಿ ಹತ್ತಿ ಐದು ನಿಮಿಷಕ್ಕೆ ಬದಲಿಸಬಹುದು. ಮೋಟರ್ ರೂಮು ಮತ್ತು ಪಾಲಿಹೌಸ್ ಒಳಗೆ ಮಾತ್ರ ಗಟ್ಟಿಮುಟ್ಟಾದದ್ದು ಬೇಕು. ಅಲ್ಲಿ ಶಾಖದ ಜೊತೆಗೆ ಫಾಗರ್ ತೇವ, ಗೊಬ್ಬರದ ಉಪ್ಪು ಎಲ್ಲ ಸೇರಿ ಕನೆಕ್ಟರ್ ಹಸಿರು ಹಿಡಿಸ್ತವೆ.

ಕಣ್ಣಿಗೆ ಕಾಣಬೇಕು, ಹೊಟ್ಟೆಗೂ ಜಾಗ ಬೇಕು

ಎರಡು ಸಾಧನಗಳು ಒಂದಕ್ಕೊಂದು ಕಾಣಬೇಕು ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಸಿಗ್ನಲ್ ದಾರದ ಹಾಗೆ ಹೋಗಲ್ಲ, ಮಧ್ಯದಲ್ಲಿ ಉಬ್ಬಿಕೊಂಡು ಹೋಗತ್ತೆ. 400 ಮೀಟರ್ ದೂರಕ್ಕೆ 5.8 ಗಿಗಾಹರ್ಟ್ಸ್‌ನಲ್ಲಿ ನಟ್ಟನಡುವೆ ಆ ಉಬ್ಬು ಸುತ್ತಲೂ ಸುಮಾರು 2.3 ಮೀಟರ್, 2.4 ಗಿಗಾಹರ್ಟ್ಸ್‌ನಲ್ಲಿ 3.5 ಮೀಟರ್. ಇದರಲ್ಲಿ ಕನಿಷ್ಠ 60 ಭಾಗ ಖಾಲಿ ಇರಬೇಕು. ಅಂದರೆ ನಿಮ್ಮ ದೃಷ್ಟಿರೇಖೆ ಮಾವಿನ ಮರದ ನೆತ್ತಿ ಸವರಿಕೊಂಡು ಹೋದರೆ ಸಾಲದು. 5.8ರಲ್ಲಿ ಒಂದೂವರೆ ಮೀಟರ್, 2.4ರಲ್ಲಿ ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು ಮೇಲೆ ಹೋಗಬೇಕು. ಮೇನ್ ಲೈನ್‌ಗೆ 5 ಗಿಗಾಹರ್ಟ್ಸ್ ಒಳ್ಳೆಯದು ಅನ್ನೋಕೆ ಇದೂ ಒಂದು ಕಾರಣ. ಅಕ್ಕಪಕ್ಕದ ಮನೆಗಳ ವೈಫೈ ಗಲಾಟೆಯೂ ಅಲ್ಲಿ ಕಡಿಮೆ.

ಅಳತೆ ಮಾಡುವಾಗ ಈಗಿನ ಬೆಳೆ ನೋಡಬೇಡಿ, ಬೆಳೆದು ನಿಂತ ಬೆಳೆ ನೋಡಿ. ಬೇಸಿಗೆಯಲ್ಲಿ ಬರಿದಾಗಿದ್ದ ಹೊಲದಲ್ಲಿ ಆಗಸ್ಟ್‌ಗೆ ಜೋಳ ಆಳೆತ್ತರ ದಾಟಿರತ್ತೆ, ಕಬ್ಬು ಇನ್ನೂ ಎತ್ತರ. ಬದುವಿನಲ್ಲಿ ಈಗ ಎದೆಮಟ್ಟ ಇರುವ ಸಿಲ್ವರ್ ಓಕ್ ಕೆಲವೇ ವರ್ಷದಲ್ಲಿ ಅಡ್ಡ ಬರತ್ತೆ. ಮಳೆಗೆ ನೆಂದ ಎಲೆ ಒಣ ಎಲೆಗಿಂತ ಹೆಚ್ಚು ಸಿಗ್ನಲ್ ಕುಡಿಯತ್ತೆ. "ಮಳೆ ಬಂದಾಗ ಮಾತ್ರ ಕಟ್ ಆಗತ್ತೆ" ಅನ್ನುವವರು ಮೊದಲು ಮಧ್ಯದ ಮರಗಳನ್ನು ನೋಡಬೇಕು. ಇಷ್ಟು ಸಣ್ಣ ದೂರದಲ್ಲಿ ಬರೀ ಮಳೆ ಹನಿಯಿಂದ ಲಿಂಕ್ ಬೀಳಲ್ಲ.

ತೆಂಗಿನ ಮರಕ್ಕೆ ಕಟ್ಟಬೇಡಿ. ಗಾಳಿಗೆ ಅದು ಓಲಾಡತ್ತೆ, ಸಿಡಿಲಿಗೂ ಅದೇ ಮೊದಲು ಸಿಗೋದು. ಎರಡು ಇಂಚಿನ ಜಿಐ ಪೈಪ್ ಕಾಂಕ್ರೀಟ್‌ನಲ್ಲಿ ನಿಲ್ಲಿಸಿ. ಪಾಲಿಹೌಸ್ ಒಳಗಿನ ಸಣ್ಣ ಆಕ್ಸೆಸ್ ಪಾಯಿಂಟನ್ನು ಎರಡೂವರೆ ಮೂರು ಮೀಟರ್ ಎತ್ತರದಲ್ಲಿ, ನಡುದಾರಿಯ ಮೇಲೆ ಇಡಿ. ಅಲ್ಯೂಮಿನಿಯಂ ಪಟ್ಟಿ ನೇಯ್ದ ನೆರಳು ಪರದೆ ಹಾಕಿದ್ದರೆ ಸಾಧನ ಆ ಪರದೆಯ ಕೆಳಗೇ ಇರಬೇಕು, ಮೇಲಿಂದ ಸಿಗ್ನಲ್ ಇಳಿಯಲ್ಲ.

ಕರೆಂಟು ಮತ್ತು ಕೇಬಲ್

ಈ ಸಾಧನಗಳಿಗೆ ನೆಟ್‌ವರ್ಕ್ ಕೇಬಲಲ್ಲೇ ಕರೆಂಟು ಹೋಗತ್ತೆ, ಪಿಒಇ ಅಂತಾರೆ. ಕೆಲವು 24 ವೋಲ್ಟ್‌ನವು, ಕೆಲವು 48 ವೋಲ್ಟ್‌ನವು. 24ರ ಸಾಧನಕ್ಕೆ 48ರ ಅಡಾಪ್ಟರ್ ಚುಚ್ಚಿದರೆ ಸುಟ್ಟುಹೋಗಬಹುದು. ಜೊತೆಗೆ ಬಂದ ಅಡಾಪ್ಟರ್ ಮೇಲೆ ಪೇಂಟ್‌ನಿಂದ ಗುರುತು ಮಾಡಿಡಿ. ಕೇಬಲ್ 100 ಮೀಟರ್ ದಾಟಬಾರದು. ಶುದ್ಧ ತಾಮ್ರದ್ದೇ ಕೇಳಿ. ಅಗ್ಗದ್ದರಲ್ಲಿ ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿರ್ತಾರೆ, ದೂರಕ್ಕೆ ವೋಲ್ಟೇಜ್ ಬಿದ್ದು ಸಾಧನ ಪದೇ ಪದೇ ರೀಸ್ಟಾರ್ಟ್ ಆಗತ್ತೆ. ಹೊರಗಡೆಗೆ ಬಿಸಿಲು ತಡೆಯುವ ಕಪ್ಪು ಹೊದಿಕೆಯದು ಬೇಕು. ಅಳಿಲು, ಹೆಗ್ಗಣ ಕಡಿಯದ ಹಾಗೆ ಹಳೇ 16 ಎಂಎಂ ಲ್ಯಾಟರಲ್ ಪೈಪಿನೊಳಗೆ ತೂರಿಸಿ. ತುದಿಯ ಕನೆಕ್ಟರ್ ಕೂರಿಸುವ ಮೊದಲೇ ತೂರಿಸಬೇಕು, ಆಮೇಲೆ ಹೋಗಲ್ಲ. ಮೋಟರ್ ಕೇಬಲ್ ಜೊತೆ ಒಂದೇ ಗುಂಡಿಯಲ್ಲಿ ಹೂಳಬೇಡಿ, ಒಂದಡಿಯಾದರೂ ಅಂತರ ಇರಲಿ.

ಪಂಪ್‌ಸೆಟ್‌ಗೆ ತ್ರೀ ಫೇಸ್ ಬರೋದು ದಿನದಲ್ಲಿ ಕೆಲವೇ ಗಂಟೆ. ವೈಫೈ ಮಾತ್ರ 24 ಗಂಟೆ ಬೇಕು. ಲೆಕ್ಕ ಹಾಕಿ: ಹೊಲದ ತುದಿಯಲ್ಲಿ ಎರಡು ಸಾಧನ, ತಲಾ 6 ವ್ಯಾಟ್ ಅಂದುಕೊಂಡರೆ 12 ವ್ಯಾಟ್. ದಿನಕ್ಕೆ 288 ವ್ಯಾಟ್-ಅವರ್. ಬಿಸಿಲಿಲ್ಲದ ಒಂದು ದಿನ ದಾಟಬೇಕಾದರೆ 12 ವೋಲ್ಟ್ 60 ಆಂಪಿಯರ್-ಅವರ್ ಸೀಸದ ಬ್ಯಾಟರಿ ಬೇಕು, ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬಾಳಿಕೆ ಬರಲ್ಲ. ಲಿಥಿಯಂ ಫಾಸ್ಫೇಟ್ ಆದರೆ 30 ಸಾಕು. ಬೇಸಿಗೆಗೆ 100 ವ್ಯಾಟ್ ಸೋಲಾರ್ ಪ್ಯಾನಲ್ ಆದೀತು, ಮಳೆಗಾಲದ ಮೋಡಕ್ಕೆ 150 ಇಟ್ಟುಕೊಳ್ಳಿ. 12 ವೋಲ್ಟ್ ನೇರ ಒಪ್ಪದ ಸಾಧನಕ್ಕೆ ವೋಲ್ಟೇಜ್ ಏರಿಸುವ ಪಿಒಇ ಇಂಜೆಕ್ಟರ್ ಸಿಗತ್ತೆ.

ಸಿಡಿಲಿನ ವಿಷಯದಲ್ಲಿ ಜಿಪುಣತನ ಬೇಡ. ಕಂಬಕ್ಕೆ ಪ್ರತ್ಯೇಕ ಅರ್ತಿಂಗ್, ಕೇಬಲ್ ಎರಡೂ ತುದಿಗೆ ಪಿಒಇ ಹಾಯುವಂಥ ಸರ್ಜ್ ಪ್ರೊಟೆಕ್ಟರ್. ನೇರ ಹೊಡೆದರೆ ಯಾವುದೂ ಉಳಿಯಲ್ಲ, ಆದರೆ ಹತ್ತಿರ ಬಿದ್ದ ಸಿಡಿಲಿನಿಂದ ಇವು ಕಾಯ್ತವೆ.

ಸೆಟ್ಟಿಂಗ್ ಮಾಡೋದು ಮನೆ ಮೇಜಿನ ಮೇಲೆ

ಕಂಬ ಹತ್ತಿ ಫೋನ್ ಒತ್ತಬೇಡಿ. ಎರಡೂ ಸಾಧನ ಮೇಜಿನ ಮೇಲಿಟ್ಟು ಎಲ್ಲ ಮುಗಿಸಿ, ಒಂದಕ್ಕೊಂದು ಸೇರಿಕೊಂಡಿದ್ದು ನೋಡಿ ಆಮೇಲೆ ಹತ್ತಿ. ಸಾಧನದ ಕೆಳಗಿನ ಲೇಬಲ್‌ನಲ್ಲಿ 192.168 ಅಂತ ಶುರುವಾಗುವ ವಿಳಾಸ ಇರತ್ತೆ, ಅದನ್ನು ಬ್ರೌಸರ್‌ನಲ್ಲಿ ಹಾಕಿ. ಫೋನಿನಲ್ಲಿ ಪುಟ ತೆರೆಯಲಿಲ್ಲವೇ? ಮೊಬೈಲ್ ಡೇಟಾ ಆಫ್ ಮಾಡಿ. ಈ ವೈಫೈನಲ್ಲಿ ಇಂಟರ್ನೆಟ್ ಇಲ್ಲ ಅಂತ ಫೋನ್ ತಾನೇ ಡೇಟಾಗೆ ಜಾರಿಕೊಂಡಿರತ್ತೆ.

ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಫರ್ಮ್‌ವೇರ್ ಅಪ್‌ಡೇಟ್ ಮಾಡಿ, ದೇಶ ಭಾರತ ಅಂತ ಆರಿಸಿ. ನಿಗದಿತ ಶಕ್ತಿಯೊಳಗೆ 2.4 ಮತ್ತು 5 ಗಿಗಾಹರ್ಟ್ಸ್ ವೈಫೈ ಬಳಸೋಕೆ ನಮ್ಮಲ್ಲಿ ಲೈಸೆನ್ಸ್ ಬೇಡ, 5 ಗಿಗಾಹರ್ಟ್ಸ್‌ನ ನಿಯಮ 2018ರಲ್ಲಿ ಇನ್ನೂ ಸಡಿಲವಾಯಿತು. ದೇಶ ಸರಿಯಾಗಿ ಆರಿಸಿದರೆ ಸಾಧನವೇ ಆ ಮಿತಿಯೊಳಗೆ ನಡೆಯತ್ತೆ. (ಮೊಬೈಲ್ ಸಿಗ್ನಲ್ ಬೂಸ್ಟರ್ ಬೇರೆ ವಿಷಯ. ಅನುಮತಿ ಇಲ್ಲದೆ ಅದನ್ನು ಹಾಕೋದು ಕಾನೂನುಬಾಹಿರ.)

ಮನೆ ಕಡೆಯದು ಆಕ್ಸೆಸ್ ಪಾಯಿಂಟ್ ಮೋಡ್, ಹೊಲದ ಕಡೆಯದು ಕ್ಲೈಂಟ್ ಅಥವಾ ಸ್ಟೇಷನ್ ಮೋಡ್. ಬ್ರಿಜ್ ಅಥವಾ ಡಬ್ಲ್ಯೂಡಿಎಸ್ ಆಯ್ಕೆ ಇದ್ದರೆ ಎರಡೂ ಕಡೆ ಆನ್. ವಿಳಾಸ ಹಂಚುವ ಡಿಎಚ್‌ಸಿಪಿ ಮನೆಯ ರೂಟರ್ ಒಂದರಲ್ಲೇ ಇರಲಿ, ಉಳಿದ ಎಲ್ಲದರಲ್ಲೂ ಆಫ್. ಒಂದು ಕೆರೆಗೆ ಇಬ್ಬರು ನೀರುಗಂಟಿಗಳಾದರೆ ಏನಾಗತ್ತೋ ಇಲ್ಲೂ ಅದೇ ಆಗತ್ತೆ, ಒಂದು ದಿನ ಸಿಕ್ಕ ಕ್ಯಾಮೆರಾ ಮರುದಿನ ಸಿಗಲ್ಲ. ಪ್ರತಿ ಸಾಧನಕ್ಕೂ ಕಾಯಂ ವಿಳಾಸ ಕೊಡಿ: ರೂಟರ್ 192.168.1.1 ಆದರೆ ಮನೆ ಕಡೆಯದು .2, ಹೊಲದ ಕಡೆಯದು .3, ಪಾಲಿಹೌಸ್ ಒಳಗಿನದು .4. ರೂಟರ್ ತಾನಾಗಿ ಹಂಚುವ ಸಂಖ್ಯೆಗಳು 100ರಿಂದ ಶುರುವಾಗಲಿ. ಒಂದಕ್ಕೊಂದು ತಾಗಲ್ಲ.

ಮೇನ್ ಲೈನ್‌ಗೆ 149ರಿಂದ 161ರೊಳಗಿನ ಚಾನೆಲ್. ಪಾಲಿಹೌಸ್ ಒಳಗೆ 2.4 ಗಿಗಾಹರ್ಟ್ಸ್, ಚಾನೆಲ್ 1, 6 ಅಥವಾ 11, ಅಗಲ 20 ಮೆಗಾಹರ್ಟ್ಸ್. ನಮ್ಮ ನೀರಾವರಿ ಕಂಟ್ರೋಲರ್‌ಗಳಲ್ಲಿ ಹೆಚ್ಚಿನವು 2.4 ಮಾತ್ರ ಹಿಡಿಯೋದು. ಹಳೇ ಕಂಟ್ರೋಲರ್ ಸೇರಿಕೊಳ್ಳದಿದ್ದರೆ ಭದ್ರತೆ ಡಬ್ಲ್ಯೂಪಿಎ 3 ಮಾತ್ರ ಅಂತ ಇದೆಯಾ ನೋಡಿ, ಡಬ್ಲ್ಯೂಪಿಎ 2ಕ್ಕೆ ಇಳಿಸಿ. ಪಾಸ್‌ವರ್ಡ್ ಇಲ್ಲದೆ ತೆರೆದಿಡೋದು ಮಾತ್ರ ಬೇಡವೇ ಬೇಡ. ಕೆಲಸಕ್ಕೆ ಬಂದವರಿಗೆ ನೆಟ್ ಕೊಡಬೇಕಾದರೆ ಗೆಸ್ಟ್ ಹೆಸರಲ್ಲಿ ಬೇರೆ ಕೊಡಿ, ಮೋಟರ್ ನಡೆಸುವ ನೆಟ್‌ವರ್ಕ್‌ನ ಗುಟ್ಟು ನಿಮ್ಮ ಹತ್ತಿರವೇ ಇರಲಿ.

ಕಂಬಕ್ಕೆ ಏರಿಸಿದ ಮೇಲೆ ಇಬ್ಬರು ಬೇಕು. ಒಬ್ಬರು ನಿಧಾನವಾಗಿ ತಿರುಗಿಸಬೇಕು, ಇನ್ನೊಬ್ಬರು ಸಿಗ್ನಲ್ ಸಂಖ್ಯೆ ಓದಬೇಕು. ಮೈನಸ್ 55ರಿಂದ ಮೈನಸ್ 65 ಡಿಬಿಎಂ ಬಂದರೆ ಚೆನ್ನ. ಮೈನಸ್ 75 ಆದರೆ ಈಗ ನಡೆಯತ್ತೆ, ಮಳೆಗಾಲದಲ್ಲಿ ಕೈಕೊಡತ್ತೆ. ಎರಡೂ ತುದಿಯ ಸಂಖ್ಯೆ ಬರೆದಿಟ್ಟುಕೊಳ್ಳಿ. ಆರು ತಿಂಗಳ ಮೇಲೆ ಹತ್ತು ಅಂಕ ಕುಸಿದಿದ್ದರೆ ಕಂಬ ತಿರುಗಿದೆ ಅಥವಾ ಮರ ಬೆಳೆದಿದೆ ಅಂತ ಅರ್ಥ.

ಪಿಂಗ್ ವಾಚ್‌ಡಾಗ್ ಅನ್ನೋ ಆಯ್ಕೆ ಇದ್ದರೆ ಆನ್ ಮಾಡಿ, ಲಿಂಕ್ ಸಿಕ್ಕಿಹಾಕಿಕೊಂಡರೆ ಸಾಧನ ತಾನೇ ರೀಸ್ಟಾರ್ಟ್ ಆಗತ್ತೆ. ಅದರಲ್ಲಿ ಎದುರು ತುದಿಯ ವಿಳಾಸ ಕೊಡಿ. ಇಂಟರ್ನೆಟ್‌ನ ವಿಳಾಸ ಕೊಟ್ಟರೆ ಊರಲ್ಲಿ ಫೈಬರ್ ಕಟ್ ಆದ ದಿನವಿಡೀ ಅದು ರೀಸ್ಟಾರ್ಟ್ ಆಗ್ತಾನೇ ಇರತ್ತೆ.

ನೆಟ್ ಹೋದಾಗ ಗಿಡಕ್ಕೆ ಏನಾಗತ್ತೆ?

ಎಷ್ಟೇ ಚೆನ್ನಾಗಿ ಕೂರಿಸಿದರೂ ಲಿಂಕ್ ಒಂದು ದಿನ ಬಿದ್ದೇ ಬೀಳತ್ತೆ. ಆ ದಿನ ಬೆಳೆ ಉಳಿಯತ್ತಾ ಅನ್ನೋದನ್ನು ಈಗಲೇ ನೋಡಬೇಕು. ಮುಚ್ಚಿಗೆ ಹೊದೆಸಿದ ಮಣ್ಣಿನ ಮಡಿಯಲ್ಲಿ ಬೆಳೆಯುವ ನನ್ನಂಥವರಿಗೆ ಒಂದು ನೀರು ತಪ್ಪಿದರೆ ಅಂಥ ನಷ್ಟ ಇಲ್ಲ. ಆದರೆ ಕೊಕೊಪೀಟ್ ಚೀಲದಲ್ಲಿ ಕ್ಯಾಪ್ಸಿಕಂ ಹಾಕಿದವರಿಗೆ ಬೇಸಿಗೆಯಲ್ಲಿ ದಿನಕ್ಕೆ ಹಲವು ಸಲ ನೀರು ಹೋಗಬೇಕು, ಒಂದು ಮಧ್ಯಾಹ್ನ ತಪ್ಪಿದರೂ ಗಿಡ ಬಾಡಿ ಹೂ ಉದುರತ್ತೆ. ಇದಕ್ಕೆ ಉಲ್ಟಾ ಇನ್ನೊಂದಿದೆ: ಆನ್ ಆಜ್ಞೆ ತಲುಪಿ, ಆಫ್ ಆಜ್ಞೆ ತಲುಪದೆ ಹೋಗುವುದು. ಟ್ಯಾಂಕಿನ ಗೊಬ್ಬರವೆಲ್ಲ ಒಂದೇ ಬ್ಲಾಕಿಗೆ ಸುರಿದುಹೋಗತ್ತೆ.

ಹಾಗಾಗಿ ವೇಳಾಪಟ್ಟಿ ಕಂಟ್ರೋಲರ್‌ನ ಒಳಗೇ ಉಳಿಯಬೇಕು, ಫೋನ್ ಆಪ್‌ನಲ್ಲೋ ಕ್ಲೌಡ್‌ನಲ್ಲೋ ಅಲ್ಲ. ಪ್ರತಿ ವಾಲ್ವ್‌ಗೆ ಗರಿಷ್ಠ ಸಮಯ ಹಾಕಿ. ಕೈಯಿಂದ ತಿರುಗಿಸುವ ಬೈಪಾಸ್ ವಾಲ್ವ್ ತೆಗೆಸಬೇಡಿ. ಆಟೋಮೇಶನ್ ಹಾಕಿದವರಿಗೆ ಕೊನೆಯ ಕಂತು ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿ: ಫೋನಿನಿಂದ ಹತ್ತು ನಿಮಿಷದ ನೀರು ಆನ್ ಮಾಡಿ, ಮೂರನೇ ನಿಮಿಷಕ್ಕೆ ಆಕ್ಸೆಸ್ ಪಾಯಿಂಟ್‌ನ ಪ್ಲಗ್ ಕಿತ್ತುಬಿಡಿ. ಹತ್ತು ನಿಮಿಷಕ್ಕೆ ವಾಲ್ವ್ ತಾನಾಗಿ ಮುಚ್ಚಿತಾ? ನೆಟ್ ಇಲ್ಲದೆಯೇ ಮುಂದಿನ ಪಾಳಿ ಸಮಯಕ್ಕೆ ಶುರುವಾಯಿತಾ? ಎರಡರಲ್ಲಿ ಒಂದು ಆಗದಿದ್ದರೂ ದುಡ್ಡು ತಡೆಹಿಡಿಯಿರಿ, ಸರಿಮಾಡಿಸಿಕೊಳ್ಳಿ.

ನಿಮ್ಮ ತೋಟದ ಲಿಂಕ್ ಬಗ್ಗೆ ಕೇಳುವವರು ಮೂರು ವಿಷಯ ಬರೆದು ಕಳಿಸಿ: ಎರಡು ತುದಿಗಳ ನಡುವಿನ ದೂರ, ಎರಡೂ ಕಡೆಯ ಡಿಬಿಎಂ ಸಂಖ್ಯೆ, ಮನೆ ಛಾವಣಿಯಿಂದ ಹೊಲದ ಕಡೆಗೆ ತೆಗೆದ ಒಂದು ಫೋಟೋ. ಪಾಸ್‌ವರ್ಡ್ ಕಾಣುವ ಸ್ಕ್ರೀನ್‌ಶಾಟ್ ಕಳಿಸಬೇಡಿ.