ಕ್ಷಯ ನೀತಿಗೆ ತುಮಕೂರಿನ ಸಾಕ್ಷ್ಯ

ಸಂಶೋಧನೆಯಿಂದಲೇ ರೂಪುಗೊಂಡ ಆರೋಗ್ಯ ನೀತಿಗೆ ಪರೀಕ್ಷೆಯಲ್ಲಿ ಉದಾಹರಣೆ ಕೇಳಿದರೆ, ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು ಧೈರ್ಯವಾಗಿ ಬರೆಯಿರಿ. ಸ್ಥಾಪನೆ 1959, ನೆಲೆ ಬಳ್ಳಾರಿ ರಸ್ತೆ.

ಹಳ್ಳಿಯವರಿಗೆ ಕ್ಷಯದ ಅರಿವಿಲ್ಲ, ಆದ್ದರಿಂದ ಸಂಚಾರಿ ಎಕ್ಸ್‌ರೇ ವಾಹನಗಳೇ ಮನೆಬಾಗಿಲಿಗೆ ಹೋಗಬೇಕು ಎಂಬ ನಂಬಿಕೆ ಆಗ ಬಲವಾಗಿತ್ತು. ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ರೋಗಿಗಳನ್ನೇ ವಿಚಾರಿಸಿದರು. ಕಫದಲ್ಲಿ ಕ್ಷಯಾಣು ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಚಿಕಿತ್ಸೆ ಹುಡುಕಿ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಅಲ್ಲಿ ಬಹುತೇಕರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿ ಮಾತ್ರ. ಕೊರತೆ ಜನರದ್ದಲ್ಲ, ವ್ಯವಸ್ಥೆಯದ್ದು. ಈ ಅಧ್ಯಯನ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಪ್ರಕಟವಾಯಿತು.

ಮನೆಯಲ್ಲೇ ಇದ್ದು ಮಾತ್ರೆ ನುಂಗಿದರೂ ರೋಗ ವಾಸಿಯಾಗುತ್ತದೆಂದು ಮದ್ರಾಸಿನ ಪ್ರಯೋಗ 1959ರಲ್ಲೇ ತೋರಿಸಿತ್ತು. ಈ ಪ್ರಯೋಗ ಮತ್ತು ಪ್ರಕಟಣೆಗೆ ಮೊದಲೇ ಸಂಸ್ಥೆಯ ಕೈಯಲ್ಲಿದ್ದ ತುಮಕೂರಿನ ಫಲಿತಾಂಶ, ಎರಡೂ ಸೇರಿ 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮಕ್ಕೆ ತಳಹದಿಯಾದವು: ಸಾಮಾನ್ಯ ಆರೋಗ್ಯ ಕೇಂದ್ರದಲ್ಲೇ ಕಫ ಪರೀಕ್ಷೆ, ಅಲ್ಲೇ ಔಷಧಿ. 1997ರಲ್ಲಿ ಪರಿಷ್ಕೃತ ಕಾರ್ಯಕ್ರಮ ಬಂತು; 2020ರಿಂದ ಹೆಸರು ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮ. ವರ್ಷಗಳಿಗಿಂತ ತುಮಕೂರಿನ ಆ ತರ್ಕವೇ ಮುಖ್ಯ. ವಿವರಣಾತ್ಮಕ ಉತ್ತರದಲ್ಲಿ ಅದನ್ನು ಬಿಡಬೇಡಿ.

ಓದುತ್ತಿರುವ ನಿಮಗೂ ಒಂದು ಮಾತು: ಎರಡು ವಾರ ದಾಟಿದ ಕೆಮ್ಮಿದ್ದರೆ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಫ ಪರೀಕ್ಷೆ ಉಚಿತ.