ಎಲ್ಲಕ್ಕೂ ‘ಟರ್ನಿಂಗ್ ಪಾಯಿಂಟ್’ ಬೇಡ

ಇಂಗ್ಲಿಷ್ ಪ್ರಬಂಧ ಬರೆಯುವ ರೋಣ, ನರಗುಂದ, ಗಜೇಂದ್ರಗಡದ ಮಕ್ಕಳೇ, ಕಂಡ ಘಟನೆಗೆಲ್ಲ ‘ಟರ್ನಿಂಗ್ ಪಾಯಿಂಟ್’ ಎನ್ನಬೇಡಿ. ನಿಮ್ಮ ಸೀಮೆಯ ಚರಿತ್ರೆಗೇ ಪದ ಹೊಂದಿಸಿ ನೋಡಿ.

1858ರಲ್ಲಿ ಬ್ರಿಟಿಷರು ನರಗುಂದದ ಕೋಟೆ ಹಿಡಿದಾಗ ಅಲ್ಲಿನ ಅರಸ ಬಾಬಾಸಾಹೇಬರ ಬಂಡಾಯದ ಸೋಲು ಖಚಿತವಾಯಿತು, ಅದು ‘ಡಿಸೈಸಿವ್’. 1980ರ ಜುಲೈ 21ರಂದು ಅದೇ ಊರಲ್ಲಿ ರೈತರು, ಪೊಲೀಸರು ಎದುರುಬದುರಾದ ಗಳಿಗೆಯಲ್ಲಿ ಏನೂ ಆಗಬಹುದಿತ್ತು, ಅದು ‘ಕ್ರಿಟಿಕಲ್’. ಅಂದು ನಡೆದ ಗೋಲಿಬಾರಿನ ಬಳಿಕ ರೈತ ಚಳವಳಿ ರಾಜ್ಯಕ್ಕೆಲ್ಲ ಹಬ್ಬಿತು. ಇಲ್ಲಿ ‘ಟರ್ನಿಂಗ್ ಪಾಯಿಂಟ್’ ಸರಿ. 1983ರಲ್ಲಿ ಕರ್ನಾಟಕಕ್ಕೆ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಎರಡು ಕಾಲಘಟ್ಟಗಳನ್ನು ಬೇರ್ಪಡಿಸಿದ ಅದಕ್ಕೆ ‘ವಾಟರ್‌ಶೆಡ್’ ಒಪ್ಪುತ್ತದೆ.

ಬರೆಯುವ ಮುನ್ನ ಕೇಳಿಕೊಳ್ಳಿ: ಫಲ ತೀರ್ಮಾನವಾಯಿತೇ, ತೂಗಾಡುತ್ತಿತ್ತೇ, ದಾರಿ ತಿರುಗಿತೇ, ಕಾಲವೇ ಬದಲಾಯಿತೇ? ಉತ್ತರ ಸಿಕ್ಕರೆ ಪದ ತಾನಾಗಿ ಸಿಗುತ್ತದೆ.