ನಮ್ಮ ಕಂಪ್ಯೂಟರಿನ ಗಡಿಯಾರ ಆರು ನಿಮಿಷ ತಪ್ಪಿದ್ದು



ಈ ತಿಂಗಳ ಗೋಡೆ ಪತ್ರಿಕೆಗೆ ವಿಜ್ಞಾನದ ಲೇಖನ ನೀನು ಬರಿ ಎಂದು ಅಕ್ಕೋರು ನನಗೆ ಹೇಳಿದರು. ಮೊದಲು ಜ್ವಾಲಾಮುಖಿಯ ಬಗ್ಗೆ ಬರೆಯುವ ಎಂದು ಮಾಡಿದ್ದೆ. ಆದರೆ ಜ್ವಾಲಾಮುಖಿಯನ್ನು ನಾನು ನೋಡಿಲ್ಲ. ಗಡಿಯಾರ ತಪ್ಪಿದ್ದನ್ನು ನೋಡಿದ್ದೇನೆ, ತಪ್ಪಿಸಿದ್ದೂ ನಾನೇ. ಅದಕ್ಕೆ ಅದನ್ನೇ ಬರೆಯುತ್ತೇನೆ.

ನಮ್ಮ ಮನೆಯಲ್ಲಿ ಒಂದು ಕಂಪ್ಯೂಟರ್ ಇದೆ. ಬೆಂಗಳೂರಿನ ಚಿಕ್ಕಪ್ಪ ಹೊಸದು ತೆಗೆದುಕೊಂಡಾಗ ಹಳೆಯದನ್ನು ನಮಗೆ ಕೊಟ್ಟರು. ಅದರಲ್ಲಿ ಅಕ್ಕ ಕಾಲೇಜಿನ ಕೆಲಸ ಮಾಡುತ್ತಾಳೆ, ನಾನು ಆಟ ಆಡುತ್ತೇನೆ. ಒಂದು ಆಟದಲ್ಲಿ ಐದು ಜೀವ ಮುಗಿದರೆ ಮರುದಿನದ ತನಕ ಕಾಯಬೇಕು. ಕಂಪ್ಯೂಟರಿನ ತಾರೀಕನ್ನೇ ಒಂದು ದಿನ ಮುಂದೆ ಮಾಡಿದರೆ ಅದು ಮೋಸ ಹೋಗುತ್ತದೆ ಎಂದು ನನಗೆ ಗೊತ್ತಾಯಿತು. ತಾರೀಕು ಬದಲಿಸಲು, ಸಮಯ ತಾನಾಗಿ ಸರಿಯಾಗುವ ಸ್ವಿಚ್ಚನ್ನು ಬಂದ್ ಮಾಡಬೇಕು. ಬಂದ್ ಮಾಡಿದೆ. ಆಟ ಮುಗಿದ ಮೇಲೆ ಅಜ್ಜನ ಗೋಡೆ ಗಡಿಯಾರ ನೋಡಿ ಸಮಯವನ್ನು ಕೈಯಿಂದ ವಾಪಸ್ ಇಟ್ಟೆ. ಸ್ವಿಚ್ ಹಾಕಲು ಮರೆತೆ. ಅಜ್ಜನ ಗಡಿಯಾರ ಕೀಲಿ ಕೊಡುವಂಥದ್ದು. ಮಳೆಗಾಲದಲ್ಲಿ ಅದು ಹಿಂದೆ ಬೀಳುತ್ತದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು, ಆ ಹೊತ್ತಿಗೆ ನೆನಪಾಗಲಿಲ್ಲ.

ಅಪ್ಪ ಮುಂಬೈಯಲ್ಲಿ ಹೋಟೆಲ್ ಕೆಲಸದಲ್ಲಿದ್ದಾರೆ. ಚೌತಿಗೆ ಬಂದಿದ್ದರು. ವಾಪಸ್ ಹೋಗಲು ತತ್ಕಾಲ್ ಟಿಕೇಟ್ ಮಾಡಬೇಕಿತ್ತು. ಸ್ಲೀಪರಿನ ತತ್ಕಾಲ್ ರೈಲು ಹೊರಡುವ ಹಿಂದಿನ ದಿನ ಬೆಳಿಗ್ಗೆ 11 ಗಂಟೆಗೆ ಶುರುವಾಗುತ್ತದೆ. ಹಬ್ಬದ ದಿನಗಳಲ್ಲಿ ಎರಡು ಮೂರು ನಿಮಿಷದಲ್ಲಿ ಖಾಲಿ. ಅಕ್ಕ ಹೆಸರು, ವಯಸ್ಸು ಎಲ್ಲ ಚೀಟಿಯಲ್ಲಿ ಬರೆದುಕೊಂಡು ಕೂತಿದ್ದಳು. ನಮ್ಮ ಮನೆಯಲ್ಲಿ ಕಿಟಕಿಯ ಹತ್ತಿರ ಮಾತ್ರ ನೆಟ್‌ವರ್ಕ್ ಸಿಗುವುದು. ಹಾಗಾಗಿ ಅಪ್ಪನ ಮೊಬೈಲಿನಲ್ಲಿ ಹಾಟ್‌ಸ್ಪಾಟ್ ಹಾಕಿ ಕಿಟಕಿಯಲ್ಲಿ ಇಟ್ಟಿದ್ದೆವು. ಸರಿಯಾದ ಸಮಯ ಆ ಮೊಬೈಲಿನಲ್ಲಿ ಇತ್ತು, ಆದರೆ ನಾವೆಲ್ಲ ನೋಡುತ್ತಿದ್ದದ್ದು ಕಂಪ್ಯೂಟರಿನ ಮೂಲೆಯ ಗಡಿಯಾರವನ್ನು. ಅಲ್ಲಿ 10-58 ಆದಾಗ ಅಕ್ಕ ಲಾಗಿನ್ ಆದಳು. ಸೀಟು ಎಲ್ಲ ಹೋಗಿ ವೇಟಿಂಗ್ ಲಿಸ್ಟ್ ಬಂದಿತ್ತು. "ಇನ್ನೂ ಹನ್ನೊಂದೇ ಆಗಲಿಲ್ಲ, ಇದೆಂತ ಇದು?" ಎಂದಳು. ಸಿಕ್ಕಿದ್ದು ಸಿಗಲಿ ಎಂದು ವೇಟಿಂಗ್ ಲಿಸ್ಟಿನದ್ದನ್ನೇ ಮಾಡಿದಳು. ಅಪ್ಪನ ಮೊಬೈಲಿಗೆ ಮೆಸೇಜ್ ಬಂದ ಸಮಯ 11-09. ಕಂಪ್ಯೂಟರಿನಲ್ಲಿ ಆಗ 11-03.

ಅದು ಕನ್ಫರ್ಮ್ ಆಗಲಿಲ್ಲ. ಅಪ್ಪ ಮರುದಿನ ಜನರಲ್ ಬೋಗಿಯಲ್ಲಿ ಬಾಗಿಲ ಹತ್ತಿರ ಚೀಲದ ಮೇಲೆ ಕೂತು ಹೋದರು. ಆಯಿ ಕಟ್ಟಿಕೊಟ್ಟ ಊಟ ಬಿಚ್ಚಲೂ ಜಾಗ ಇರಲಿಲ್ಲವಂತೆ. ನಾನು ನಾಲ್ಕು ದಿನ ಸುಮ್ಮನೆ ಇದ್ದೆ.

ಐದನೇ ದಿನ ಅಜ್ಜನಿಗೆ ಹೇಳಿದೆ. ಅಜ್ಜ ಬೈಯಲಿಲ್ಲ. ಗೋಡೆ ಗಡಿಯಾರದ ಬಾಗಿಲು ತೆಗೆದು ಲೋಲಕ ತೋರಿಸಿದರು. ಲೋಲಕದ ಬಿಲ್ಲೆಯನ್ನು ತಿರುಪಿನಿಂದ ಸ್ವಲ್ಪ ಮೇಲೆ ಮಾಡಿದರೆ ಗಡಿಯಾರ ಬೇಗ ಓಡುತ್ತದೆ, ಕೆಳಗೆ ಮಾಡಿದರೆ ನಿಧಾನ. "ಎಷ್ಟು ತಿರುಗಿಸಬೇಕು ಅಂತ ಗಡಿಯಾರಕ್ಕೆ ಗೊತ್ತಿರೂದಿಲ್ಲ ಮಗ. ರೇಡಿಯೊ ಕೇಳಿ ನಾನೇ ಹೇಳಬೇಕು" ಎಂದರು. ರೇಡಿಯೊದಲ್ಲಿ ವಾರ್ತೆಗೆ ಮೊದಲು ಪೀಪ್ ಪೀಪ್ ಎಂದು ಬರುತ್ತದಲ್ಲ, ಅದಕ್ಕೆ ಅಜ್ಜ ಗಡಿಯಾರ ಹೊಂದಿಸುವುದು.

ಹಾಗಾದರೆ ಕಂಪ್ಯೂಟರಿಗೆ ಯಾರು ಹೇಳುತ್ತಾರೆ? ನೋಡೋಣ ಬನ್ನಿ.

ಕಂಪ್ಯೂಟರಿನ ಒಳಗೆ ಕ್ವಾರ್ಟ್ಸ್ ಎಂಬ ಹರಳಿನ ಚಿಕ್ಕ ಚೂರು ಇದೆ. ವಿದ್ಯುತ್ ಕೊಟ್ಟರೆ ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆ ಯಾಕೆ ಗೊತ್ತಾ? ಇದನ್ನು ಅರ್ಧ ಮಾಡುತ್ತ ಹೋಗಿ, 15ನೇ ಸಲಕ್ಕೆ ಸರಿಯಾಗಿ 1 ಬರುತ್ತದೆ. ಹಾಗೆ ಒಂದು ಸೆಕೆಂಡ್ ಎಣಿಸುವುದು ಸುಲಭ. ಕೈಗಡಿಯಾರದಲ್ಲಿಯೂ ಇದೇ ಇರುವುದು. ಆದರೆ ಎಲ್ಲ ಹರಳೂ ಒಂದೇ ಸಮ ಇರುವುದಿಲ್ಲ, ಸೆಕೆ ಚಳಿಗೂ ಸ್ವಲ್ಪ ಬದಲಾಗುತ್ತದೆ. ಹತ್ತು ಲಕ್ಷ ಕಂಪನಕ್ಕೆ ಬರೀ 20 ಕಂಪನ ತಪ್ಪಿದರೂ ದಿನಕ್ಕೆ ಸುಮಾರು 1.7 ಸೆಕೆಂಡ್ ತಪ್ಪುತ್ತದೆ. ತಿಂಗಳಿಗೆ ಲೆಕ್ಕ ಹಾಕಿ, 50 ಸೆಕೆಂಡ್ ದಾಟುತ್ತದೆ. ಅಂದರೆ ನಾನು ಏನೂ ಮಾಡದೆ ಇದ್ದಿದ್ದರೂ, ಯಾರನ್ನೂ ಕೇಳದ ಕಂಪ್ಯೂಟರ್ ನಿಧಾನಕ್ಕೆ ತಪ್ಪುತ್ತಲೇ ಹೋಗುತ್ತಿತ್ತು.

ಅದಕ್ಕೇ ಅದು ಇಂಟರ್ನೆಟ್ಟಿನಲ್ಲಿ ಕೇಳುತ್ತದೆ. ನಮ್ಮ ದೇಶದ ಸಮಯವನ್ನು ಕಾಯುವುದು ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ, ಚಿಕ್ಕದಾಗಿ ಎನ್‌ಪಿಎಲ್. ಅಲ್ಲಿ ಸೀಸಿಯಂ ಎಂಬ ಧಾತುವಿನ ಪರಮಾಣು ಗಡಿಯಾರಗಳಿವೆ. 1967ರಿಂದ ಸೆಕೆಂಡ್ ಎಂದರೆ ಸೀಸಿಯಂ ಪರಮಾಣುವಿಗೆ ಸೇರಿದ ಒಂದು ಕಂಪನವನ್ನು 9,19,26,31,770 ಸಲ ಎಣಿಸುವಷ್ಟು ಕಾಲ ಎಂದು ಎಲ್ಲ ದೇಶದವರೂ ಒಪ್ಪಿದ್ದಾರೆ. ಪರಮಾಣು ಗಡಿಯಾರಕ್ಕೆ ಸೇರಿಸಿದ ಕಂಪ್ಯೂಟರಿಗೆ ಒಂದನೇ ಮೆಟ್ಟಿಲು ಎನ್ನಬಹುದು. ಅದನ್ನು ಕೇಳುವ ಕಂಪ್ಯೂಟರ್ ಎರಡನೇ ಮೆಟ್ಟಿಲು, ಅದನ್ನು ಕೇಳುವುದು ಮೂರನೆಯದು. ಹೀಗೆ 15ರ ತನಕ ಹೋಗಬಹುದು. 16 ಎಂದರೆ ಸಮಯ ಹೊಂದಿಸಿಕೊಳ್ಳದ ಗಡಿಯಾರ ಎಂದು ಅರ್ಥ. ನಮ್ಮ ಕಂಪ್ಯೂಟರ್ ಆ ದಿನ ಹಾಗೇ ಇತ್ತು.

ಕೇಳುವುದೇನೋ ಸುಲಭ. ಆದರೆ ಉತ್ತರ ದಾರಿಯಲ್ಲಿ ಬರುವಾಗಲೇ ಹಳೆಯದಾಗುತ್ತದಲ್ಲ? ಇದು ನನಗೆ ತುಂಬ ದಿನ ತಲೆಗೆ ಹೋಗಲಿಲ್ಲ. ಆಮೇಲೆ ಅಕ್ಕ ಒಂದು ಪ್ರಯೋಗ ಮಾಡಿಸಿದಳು. ಆಡಿದವರು ನಾನು, ತಮ್ಮ, ದೊಡ್ಡಪ್ಪ. ದೊಡ್ಡಪ್ಪನ ಅಂಗಡಿ ಹೆದ್ದಾರಿಯ ಬದಿಗೆ ಇದೆ. ಅವರ ಮೊಬೈಲಿನ ಸಮಯ ಸರಿ ಎಂದು ಇಟ್ಟುಕೊಂಡೆವು. ಅಕ್ಕ ನನಗೆ ತೋರಿಸದೆ ನನ್ನ ಟೈಮ್‌ಪೀಸನ್ನು ತಪ್ಪಿಸಿ ಇಟ್ಟಳು. ಎಷ್ಟು ತಪ್ಪಿದೆ ಎಂದು ನಾನು ಮನೆಯಲ್ಲೇ ಕೂತು ಕಂಡುಹಿಡಿಯಬೇಕು.

ತಮ್ಮ ಸೈಕಲ್ ಹತ್ತಿ ಹೊರಟಾಗ ನನ್ನ ಟೈಮ್‌ಪೀಸಿನಲ್ಲಿ 4-00. ಅವನು ಮುಟ್ಟಿದಾಗ ದೊಡ್ಡಪ್ಪ ಚೀಟಿಯಲ್ಲಿ 4-12 ಎಂದು ಬರೆದರು. ಹೊರಡುವಾಗ 4-13 ಎಂದು ಬರೆದರು. ಮನೆಗೆ ಬಂದಾಗ ನನ್ನ ಟೈಮ್‌ಪೀಸಿನಲ್ಲಿ 4-15. ನನ್ನ ಲೆಕ್ಕದಲ್ಲಿ ಅವನು ಹೋಗಿ ಬಂದದ್ದು 15 ನಿಮಿಷ. ಅಂಗಡಿಯಲ್ಲಿ ನಿಂತ 1 ನಿಮಿಷ ಕಳೆದರೆ ದಾರಿಗೆ 14. ಹೋಗಲು 7, ಬರಲು 7. ಹಾಗಾದರೆ ಅವನು ಮನೆಗೆ ಬಂದಾಗಿನ ಸರಿಯಾದ ಸಮಯ 4-13ಕ್ಕೆ 7 ಕೂಡಿಸಿ 4-20. ನನ್ನದು 4-15. ಐದು ನಿಮಿಷ ಹಿಂದೆ! ಅಕ್ಕ ಮಡಚಿಟ್ಟ ಚೀಟಿ ಬಿಚ್ಚಿದಳು, ಅದರಲ್ಲಿ 5 ಎಂದೇ ಬರೆದಿತ್ತು. ನೋಡಿ, ತಮ್ಮನ ಹತ್ತಿರ ಗಡಿಯಾರವೇ ಇರಲಿಲ್ಲ, ನನ್ನ ಗಡಿಯಾರ ತಪ್ಪಿತ್ತು, ಆದರೂ ಉತ್ತರ ಸರಿ ಬಂತು. ತಪ್ಪು ಗಡಿಯಾರ ಕೂಡ ಎಷ್ಟು ಹೊತ್ತು ಕಳೆಯಿತು ಎಂದು ಸರಿಯಾಗಿ ಹೇಳುತ್ತದೆ, ಅದು ಸಾಕು.

ಎರಡನೇ ಸಲ ಕೆಟ್ಟಿತು. ತಮ್ಮ ಹೋಗುವಾಗ 7 ನಿಮಿಷದಲ್ಲಿ ಹೋದ. ಬರುವಾಗ ಗದ್ದೆಯ ಹತ್ತಿರ ಏಡಿ ನೋಡುತ್ತ ನಿಂತು 13 ನಿಮಿಷ ಮಾಡಿದ. ನಾನು ಒಟ್ಟು 20ನ್ನು ಅರ್ಧ ಮಾಡಿ ಹತ್ತು ಹತ್ತು ಎಂದು ಹಿಡಿದೆ. ಟೈಮ್‌ಪೀಸ್ 2 ನಿಮಿಷ ಮಾತ್ರ ಹಿಂದೆ ಎಂದು ಉತ್ತರ ಬಂತು. ಮೂರು ನಿಮಿಷ ತಪ್ಪು. ಹೋಗುವ ಹೊತ್ತಿಗೂ ಬರುವ ಹೊತ್ತಿಗೂ 6 ನಿಮಿಷ ವ್ಯತ್ಯಾಸ, ತಪ್ಪು ಅದರ ಅರ್ಧ.

ಇಂಟರ್ನೆಟ್ಟಿನಲ್ಲಿಯೂ ಹೀಗೇ ಆಗುತ್ತದೆ. ಹೋಗುವ ದಾರಿ ಖಾಲಿ, ಬರುವ ದಾರಿಯಲ್ಲಿ ಗದ್ದಲ ಇರಬಹುದು. ಅದಕ್ಕೆ ಒಂದೇ ಸಲ ಕೇಳಿ ನಂಬುವುದಲ್ಲ, ಹಲವು ಸಲ, ಬೇರೆ ಬೇರೆ ಕಡೆ ಕೇಳಿ, ಬೇಗ ಹೋಗಿ ಬಂದ ಉತ್ತರಕ್ಕೆ ಹೆಚ್ಚು ಬೆಲೆ ಕೊಡುವುದು ಉಪಾಯ. ನಿಜವಾದ ಕಂಪ್ಯೂಟರಿನಲ್ಲಿ ಇದೆಲ್ಲ ಸೆಕೆಂಡಿನ ಚಿಕ್ಕ ಚಿಕ್ಕ ಭಾಗದಲ್ಲಿ ಮುಗಿದುಹೋಗುತ್ತದೆ. ಈ ಪದ್ಧತಿಯ ಹೆಸರು ಎನ್‌ಟಿಪಿ. ಇದನ್ನು ಮಾಡಿದವರು ಅಮೆರಿಕದ ಡೇವಿಡ್ ಮಿಲ್ಸ್, 1985ರಲ್ಲಿ. ಅವರಿಗೆ ಹುಟ್ಟಿದಾಗಿನಿಂದ ಕಣ್ಣಿನ ತೊಂದರೆ ಇತ್ತು, ಕೊನೆಗೆ ದೃಷ್ಟಿಯೇ ಹೋಯಿತು. 2024ರ ಜನವರಿಯಲ್ಲಿ ತೀರಿಕೊಂಡರು.

ತಪ್ಪು ಸ್ವಲ್ಪವೇ ಇದ್ದರೆ ಕಂಪ್ಯೂಟರ್ ಮುಳ್ಳನ್ನು ಒಮ್ಮೆಲೇ ಹಾರಿಸುವುದಿಲ್ಲ. ಅಜ್ಜ ಲೋಲಕಕ್ಕೆ ಮಾಡಿದ ಹಾಗೆ ಸ್ವಲ್ಪ ಬೇಗ ಅಥವಾ ನಿಧಾನ ಓಡಿಸಿ ಸರಿ ಮಾಡಿಕೊಳ್ಳುತ್ತದೆ. ಹಿಂದಕ್ಕೆ ಹಾರಿಸಿದರೆ, ಈಗ ಬರೆದ ಫೈಲು ಮೊದಲು ಬರೆದದ್ದಕ್ಕಿಂತ ಹಳೆಯದು ಎಂದು ಗೊಂದಲ ಆಗುತ್ತದೆ.

ನಾನು ಸರಿ ಮಾಡಿದ್ದು ಹೇಗೆ ಎಂದು ಹೇಳುತ್ತೇನೆ. ನಮ್ಮದು ವಿಂಡೋಸ್ 10. ಮೂಲೆಯ ಗಡಿಯಾರದ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ತಾರೀಕು, ಸಮಯ ಹೊಂದಿಸುವ ಪುಟ ತೆರೆಯಲು ದಾರಿ ಸಿಗುತ್ತದೆ. ಅಲ್ಲಿ 'ಸೆಟ್ ಟೈಮ್ ಆಟೊಮ್ಯಾಟಿಕಲಿ' ಎಂಬ ಸ್ವಿಚ್ ಹಾಕಬೇಕು. ಟೈಮ್ ಝೋನ್ ಎಂಬಲ್ಲಿ ಚೆನ್ನೈ, ಕೋಲ್ಕತಾ, ಮುಂಬೈ, ನವದೆಹಲಿ ಎಂದು ಇರುವುದನ್ನು ಆರಿಸಬೇಕು. (ಕಾಯ್ಕಿಣಿ ಇಲ್ಲ, ನಾನು ಹುಡುಕಿದೆ. ಬೆಂಗಳೂರೂ ಇಲ್ಲ.) ಆಮೇಲೆ 'ಸಿಂಕ್ ನೌ' ಒತ್ತಿದರೆ ಆಯಿತು. ಕಂಪ್ಯೂಟರ್ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಕಂಪನಿಯ ಗಡಿಯಾರವನ್ನು ಕೇಳುತ್ತದೆ. ಎನ್‌ಪಿಎಲ್ಲನ್ನೇ ಕೇಳಬೇಕು ಎಂದಿದ್ದರೆ ಕಂಟ್ರೋಲ್ ಪ್ಯಾನಲ್ಲಿನ 'ಇಂಟರ್ನೆಟ್ ಟೈಮ್' ಎಂಬಲ್ಲಿ ಟೈಮ್ ಡಾಟ್ ಎನ್‌ಪಿಎಲ್‌ಇಂಡಿಯಾ ಡಾಟ್ ಆರ್ಗ್ ಎಂದು ಇಂಗ್ಲಿಷಿನಲ್ಲಿ ಬರೆಯಬೇಕು. ನಾನು ಹಾಗೆ ಮಾಡಿದ್ದೇನೆ.

ಇಷ್ಟಕ್ಕೇ ಮುಗಿಯಲಿಲ್ಲ. ಒಂದು ರಾತ್ರಿ ಗುಡುಗು ಬಂದು ಕರೆಂಟ್ ಹೋಯಿತು. ಬೆಳಿಗ್ಗೆ ನೋಡಿದರೆ ಕಂಪ್ಯೂಟರಿನಲ್ಲಿ 2012ನೇ ಇಸವಿ! ಯಾವ ಪುಟ ತೆರೆದರೂ ನಿಮ್ಮ ಗಡಿಯಾರ ಹಿಂದಿದೆ ಎಂದು ಬರುತ್ತದೆ. ಒಳಗೆ ನಾಣ್ಯದಂಥ ಒಂದು ಸೆಲ್ ಇರುತ್ತದೆ, ಸಿಆರ್2032 ಎಂದು ಅದರ ಮೇಲೆ ಬರೆದಿರುತ್ತದೆ, 3 ವೋಲ್ಟಿನದ್ದು. ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವುದು ಅದೇ. ಅದು ಸತ್ತಿತ್ತು. ಹೊಸದು ಹಾಕಿದೆವು. (ವೈರ್ ಪೂರ್ತಿ ತೆಗೆದು, ದೊಡ್ಡವರನ್ನು ಹತ್ತಿರ ಇಟ್ಟುಕೊಂಡು ಹಾಕಬೇಕು.) ಇನ್ನೊಂದು ವಿಷಯ: ಸಮಯ ತುಂಬ ತಪ್ಪಿದ್ದರೆ, ಅಂದರೆ 15 ಗಂಟೆಗಿಂತ ಹೆಚ್ಚಿಗೆ, ಮನೆಯ ವಿಂಡೋಸ್ ಕಂಪ್ಯೂಟರ್ ಬಂದ ಉತ್ತರವನ್ನು ನಂಬುವುದಿಲ್ಲ. ಮೊದಲು ತಾರೀಕು ಕೈಯಿಂದ ಸರಿಮಾಡಿ ಆಮೇಲೆ ಕೇಳಿಸಬೇಕು.

ಇದನ್ನೆಲ್ಲ ತರಗತಿಯಲ್ಲಿ ಹೇಳಿದಾಗ ಮಾಸ್ತರು, "ಹಾಗಾದರೆ ಸೂರ್ಯನನ್ನು ಕೇಳಿದರೆ ಆಗದಾ?" ಎಂದರು. ದಸರೆ ರಜೆ ಮುಗಿದು ಬಿಸಿಲು ಬಂದ ಮೇಲೆ, ಅಕ್ಟೋಬರ್ ಕೊನೆಯ ವಾರ ಅಂಗಳದಲ್ಲಿ ಅಡಿಕೆ ದಬ್ಬೆಯ ಕೋಲು ನೆಟ್ಟು ನೆರಳು ಅಳೆದೆವು. ನಿಮ್ಮಲ್ಲಿ ಕೆಲವರು ನೋಡಿದ್ದೀರಿ. ನೆರಳು ಎಲ್ಲಕ್ಕಿಂತ ಗಿಡ್ಡ ಆದದ್ದು 12 ಗಂಟೆಗಲ್ಲ, 12-16ರ ಸುಮಾರಿಗೆ! ಎಲ್ಲರೂ ಗಡಿಯಾರ ತಪ್ಪು ಎಂದರು. ಗಡಿಯಾರ ತಪ್ಪಲ್ಲ. ಭಾರತದ ಸಮಯ ಎಂದರೆ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶದ ಸಮಯ. ನಾವು ಇರುವುದು ಸುಮಾರು 74.5ರಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ 8 ಡಿಗ್ರಿಗೆ 32 ನಿಮಿಷ. ಸರಾಸರಿ 12-32ಕ್ಕೆ ನಮ್ಮ ನಡುಮಧ್ಯಾಹ್ನ. ಭೂಮಿ ಸೂರ್ಯನ ಸುತ್ತ ಒಂದೇ ವೇಗದಲ್ಲಿ ಹೋಗುವುದಿಲ್ಲ, ಅದರ ಅಕ್ಷವೂ ಓರೆ. ಹಾಗಾಗಿ ಅಕ್ಟೋಬರ್ ಕೊನೆಗೆ 16 ನಿಮಿಷ ಬೇಗ, ಫೆಬ್ರವರಿ ಮಧ್ಯದಲ್ಲಿ 14 ನಿಮಿಷ ತಡ ಆಗುತ್ತದೆ. ಫೆಬ್ರವರಿಯಲ್ಲಿ ಇನ್ನೊಮ್ಮೆ ಕೋಲು ನೆಡುತ್ತೇವೆ, 12-46 ಬರಬೇಕು.

ಇಡೀ ದೇಶಕ್ಕೆ ಒಂದೇ ಸಮಯ ಎಂದು 1906ರಲ್ಲಿ ಮಾಡಿದರು. ಆದರೂ ಮುಂಬೈ ನಗರದವರು 1955ರ ತನಕ ತಮ್ಮದೇ ಸಮಯ ಇಟ್ಟುಕೊಂಡಿದ್ದರು, 39 ನಿಮಿಷ ಹಿಂದೆ. ಅಜ್ಜನ ಅಪ್ಪ ಕೆಲಸಕ್ಕೆ ಅಲ್ಲಿಗೆ ಹೋಗಿದ್ದ ಕಾಲದಲ್ಲಿ ರೈಲಿನ ಸಮಯ ಬೇರೆ, ಊರಿನ ಸಮಯ ಬೇರೆ. ನನ್ನ ಆರು ನಿಮಿಷ ಅದರ ಮುಂದೆ ಏನೂ ಅಲ್ಲ ಎಂದು ಅಜ್ಜ ನಗುತ್ತಾರೆ.

ಅಪ್ಪನಿಗೆ ಫೋನಿನಲ್ಲಿ ನಾನೇ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಈಗ ಸರಿ ಮಾಡಿದ್ಯಾ?" ಎಂದು ಕೇಳಿದರು. ಮಾಡಿದ್ದೇನೆ ಎಂದೆ. "ಈಗ ಎಷ್ಟು ಗಂಟೆ ಹೇಳು" ಎಂದರು. ನಾನು ಕಂಪ್ಯೂಟರ್ ನೋಡಿ ಹೇಳಿದೆ, ಅವರು ಅಲ್ಲಿ ಮೊಬೈಲ್ ನೋಡಿದರು. ಎರಡೂ ಒಂದೇ ಇತ್ತು.

ಗೆಳೆಯರೇ, ಈ ಲೇಖನದ ಕೆಳಗೆ ಒಂದು ಖಾಲಿ ಹಾಳೆ ಅಂಟಿಸಿದ್ದೇನೆ. ನಿಮ್ಮ ಮನೆಯ ಗಡಿಯಾರವನ್ನು ರೇಡಿಯೊಕ್ಕೋ ಮೊಬೈಲಿಗೋ ಹಿಡಿದು ನೋಡಿ, ಎಷ್ಟು ಮುಂದೆ ಎಷ್ಟು ಹಿಂದೆ ಎಂದು ಅದರಲ್ಲಿ ಬರೆಯಿರಿ. ಮೊದಲ ಸಾಲು ನಾನು ಬರೆದಿದ್ದೇನೆ: ಅಜ್ಜನ ಗೋಡೆ ಗಡಿಯಾರ, 2 ನಿಮಿಷ ಹಿಂದೆ.

— 7ನೇ ತರಗತಿ